ಒಂದು ಕ್ಲಿಕ್ಕಿನ ಜಗಳ

ವರದಾ ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಪೂಜೆಗಿಂತ ಓದು ಹೆಚ್ಚು ನಡೆಯುತ್ತಿತ್ತು. ನೀಲಗಂಗಮ್ಮನವರು ಅಲ್ಲಿಯ ಗುರು.

ಅವರು ಊರೂರು ತಿರುಗಿ ಹಳೆಯ ಓಲೆಗರಿಗಳನ್ನು ಕೂಡಿಸಿದ್ದರು. ಒಂದೊಂದು ಗರಿಯ ಚಿತ್ರ ತೆಗೆಸಿ, ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಓದುವ ಹಾಗೆ ಮಾಡಿದ್ದರು. ಅದಕ್ಕೆಂದು ಒಂದು ಬ್ರೌಸರನ್ನೂ ತಾವೇ ಬರೆದು, ಗವಾಕ್ಷಿ ಎಂದು ಹೆಸರಿಟ್ಟಿದ್ದರು.

ಓದುವ ಕೋಣೆಯಲ್ಲಿ ಆರು ಕಂಪ್ಯೂಟರುಗಳು. ಬಾಗಿಲು ಎಲ್ಲರಿಗೂ ತೆರೆದೇ ಇರುತ್ತಿತ್ತು. ಓಲೆಗರಿ ಓದುವವರು ಬರುತ್ತಿದ್ದರು. ಪಹಣಿ ನೋಡುವವರು, ಬಸ್ಸಿನ ಹೊತ್ತು ನೋಡುವವರು, ಮಕ್ಕಳ ಫಲಿತಾಂಶ ನೋಡುವವರೂ ಬರುತ್ತಿದ್ದರು.

ಗುರುಗಳಿಗೆ ಎಪ್ಪತ್ತು ದಾಟಿದ ಮೇಲೆ ಗವಾಕ್ಷಿಯ ಕೆಲಸ ಇಬ್ಬರು ಶಿಷ್ಯರ ಕೈಗೆ ಬಂತು. ಇಂದುಧರ ಹತ್ತು ವರ್ಷದಿಂದ ಅಲ್ಲಿದ್ದವನು. ಮುಕ್ತಾ ಬಂದು ಎರಡು ವರ್ಷವಾಗಿತ್ತು.

ಇಬ್ಬರೂ ಒಳ್ಳೆಯ ಕೆಲಸಗಾರರು. ಹಿಂದಿನ ಕೋಣೆಯಲ್ಲಿ ಎದುರುಬದುರು ಕುಳಿತು, ಒಂದೇ ತಟ್ಟೆಯ ಚುರುಮುರಿ ತಿನ್ನುತ್ತ ಕೆಲಸ ಮಾಡುತ್ತಿದ್ದರು. ಅವರ ನಡುವೆ ಜಗಳ ಹುಟ್ಟಿದ್ದು ಒಂದು ಕ್ಲಿಕ್ಕಿನಿಂದ.

ಎಲ್ಲ ಬ್ರೌಸರುಗಳಲ್ಲಿ ಇರುವ ಹಾಗೆ ಗವಾಕ್ಷಿಯ ನೆತ್ತಿಯಲ್ಲೂ ವಿಳಾಸದ ಪಟ್ಟಿ ಇತ್ತು. ಗುರುಗಳು ಬರೆದ ಪ್ರಕಾರ, ಆ ಪಟ್ಟಿಯ ಮೇಲೆ ಮೌಸಿನಿಂದ ಒಂದು ಸಲ ಒತ್ತಿದರೆ, ಒತ್ತಿದ ಜಾಗದಲ್ಲಿ ಸಣ್ಣ ಗೆರೆಯೊಂದು ಮಿಣುಕುತ್ತಿತ್ತು. ಅಲ್ಲಿಂದ ಅಕ್ಷರ ಅಳಿಸಬಹುದು, ಸೇರಿಸಬಹುದು. ಇಡೀ ವಿಳಾಸವನ್ನು ಒಟ್ಟಿಗೆ ಹಿಡಿಯಬೇಕಾದರೆ ಬೇಗ ಬೇಗ ಮೂರು ಸಲ ಒತ್ತಬೇಕು.

ಒಂದು ಸೋಮವಾರ ಬೆಳಿಗ್ಗೆ ಮುಕ್ತಾ ಅದನ್ನು ಬದಲಿಸಿದಳು. ಈಗ ಒಂದು ಸಲ ಒತ್ತಿದರೆ ಸಾಕು, ಇಡೀ ವಿಳಾಸ ನೀಲಿಯಾಗಿ ಹಿಡಿತಕ್ಕೆ ಬರುತ್ತಿತ್ತು. ಹೊಸದನ್ನು ಬರೆಯತೊಡಗಿದರೆ ಹಳೆಯದು ತಾನಾಗಿ ಹೋಗುತ್ತಿತ್ತು. ಗೆರೆ ಬೇಕಾದವರು ಎರಡನೆಯ ಸಲ ಒತ್ತಬೇಕು.

ಇಂದುಧರನಿಗೆ ಗೊತ್ತಾದದ್ದು ಮಧ್ಯಾಹ್ನ.

"ಇದನ್ನು ಯಾಕೆ ಮುಟ್ಟಿದೆ?"

"ಜನ ಬಂದು ಒಂದು ಸಲ ಒತ್ತಿ ಬರೆಯಲು ಶುರುಮಾಡುತ್ತಾರೆ. ಹಳೆಯ ವಿಳಾಸದ ಹೊಟ್ಟೆಯೊಳಗೆ ಹೊಸದು ಹೋಗಿ ಕೂರುತ್ತದೆ. ಎರಡೂ ಕೆಡುತ್ತವೆ. ದಿನಕ್ಕೆ ಹತ್ತು ಸಲ ನೋಡುತ್ತೇನೆ."

"ಮೂರು ಸಲ ಒತ್ತಲಿ."

"ಮೂರು ಸಲ ಒತ್ತಬೇಕು ಅಂತ ಅವರಿಗೆ ಯಾರು ಹೇಳಿದ್ದಾರೆ?"

"ಓಲೆಗರಿ ಓದುವವರ ಗತಿ ಏನು? ವಿಳಾಸದ ಕೊನೆಯಲ್ಲಿ ಗರಿಯ ಸಂಖ್ಯೆ ಇರುತ್ತದೆ. ಅದೊಂದನ್ನೇ ತಿದ್ದಿ ಅವರು ಮುಂದಿನ ಗರಿಗೆ ಹೋಗುತ್ತಾರೆ. ಎಲ್ಲ ನೀಲಿಯಾದಾಗ ಬೆರಳು ಕೀಲಿಮಣೆಯ ಒಂದು ಕೀಲಿಗೆ ತಗುಲಿತೋ, ವಿಳಾಸವೇ ಮಾಯ."

"ಎರಡನೆಯ ಸಲ ಒತ್ತಲಿ."

"ಎರಡನೆಯ ಸಲ ಒತ್ತಬೇಕು ಅಂತ ಅವರಿಗೆ ಯಾರು ಹೇಳಿದ್ದಾರೆ?"

ಮುಕ್ತಾ ನಕ್ಕಳು. ಇಂದುಧರ ನಗಲಿಲ್ಲ.

"ಇದು ಗುರುಗಳು ಬರೆದದ್ದು," ಎಂದ.

ಅವಳು ಊಟಕ್ಕೆ ಎದ್ದು ಹೋದಾಗ ಅವನು ಹಳೆಯ ಕ್ರಮವನ್ನೇ ಮರಳಿ ಹಾಕಿದ. ಹಿಂದಿನ ಕೋಣೆಯಲ್ಲಿ ಬದಲಿಸಿದ್ದು ಓದುವ ಕೋಣೆಯ ಆರೂ ಕಂಪ್ಯೂಟರುಗಳಿಗೆ ಕೂಡಲೇ ಹೋಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಮುಕ್ತಾ ತನ್ನದನ್ನು ಹಾಕಿದಳು. ಮಧ್ಯಾಹ್ನ ಇಂದುಧರ ತೆಗೆದ. ಬುಧವಾರ ಅವಳು ಮತ್ತೆ ಹಾಕಿದಳು. ಅವನು ಮತ್ತೆ ತೆಗೆದ.

ಅಷ್ಟರಲ್ಲಿ ಇಬ್ಬರ ನಡುವೆ ಮಾತು ನಿಂತಿತ್ತು. ಚುರುಮುರಿ ಎರಡು ತಟ್ಟೆಗೆ ಬಂದಿತ್ತು.

ಗುರುವಾರ ಬೆಳಿಗ್ಗೆ ಇಂದುಧರ ಗುರುಗಳ ಬಳಿ ಹೋದ. ಅವರು ನದಿಯ ಕಡೆಯ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಗುರುಗಳೇ, ಮುಕ್ತಾ ನಿಮ್ಮ ಕ್ರಮವನ್ನು ಕೆಡಿಸುತ್ತಿದ್ದಾಳೆ."

"ನನ್ನ ಕ್ರಮ ಯಾವುದು?"

ಅವನು ಒಂದು ಸಲ ಒತ್ತುವುದನ್ನೂ ಮೂರು ಸಲ ಒತ್ತುವುದನ್ನೂ ವಿವರಿಸಿದ.

"ಓ, ಅದೋ! ಅದನ್ನು ಬರೆದು ಹದಿನೆಂಟು ವರ್ಷವಾಯಿತು."

"ಯಾವುದು ಸರಿ ಎಂದು ನೀವು ಒಂದು ಮಾತು ಹೇಳಿದರೆ ಅವಳು ಕೇಳುತ್ತಾಳೆ."

"ನೀನು ಕೇಳುತ್ತೀಯಾ?"

"ನಾನು ಹೇಗೂ ನಿಮ್ಮ ಪರವೇ ಇದ್ದೇನಲ್ಲ."

ಗುರುಗಳು ಒಂದು ಕಾಯಿ ಸುಲಿದು ಕಾಳು ಬುಟ್ಟಿಗೆ ಹಾಕಿದರು.

"ಎಷ್ಟು ಸಲ ಬದಲಿಸಿದಿರಿ?"

"ಅವಳು ಮೂರು ಸಲ. ನಾನು ಮೂರು ಸಲ."

"ಆ ಆರು ಸಲವೂ ಓದುವ ಕೋಣೆಯಲ್ಲಿ ಯಾರು ಯಾರು ಕುಳಿತಿದ್ದರು?"

ಇಂದುಧರ ಯೋಚಿಸಿದ.

"ನೋಡಲಿಲ್ಲ, ಗುರುಗಳೇ."

"ಮುಕ್ತಾಳನ್ನು ಕರೆ. ಬರುವಾಗ ಬಾಗಿಲ ಬಳಿ ಇರುವ ಪುಸ್ತಕ ತಾ."

ಓದುವ ಕೋಣೆಗೆ ಬಂದವರೆಲ್ಲ ಹೆಸರು, ಊರು ಬರೆಯುವ ಪುಸ್ತಕ ಅದು. ಮುಕ್ತಾ ಬಂದು ನಿಂತ ಮೇಲೆ ಗುರುಗಳು ಆ ವಾರದ ಹಾಳೆ ತೆರೆದು ಎರಡು ಹೆಸರಿನ ಮೇಲೆ ಬೆರಳಿಟ್ಟರು.

"ಈ ಇಬ್ಬರೂ ನನಗೆ ಬಾಗಿಲಲ್ಲಿ ಎದುರಾದರು. ಸೋಮವಾರ ಇವರು, ಮಂಗಳವಾರ ಇವಳು. ಬಂದ ಸ್ವಲ್ಪ ಹೊತ್ತಿಗೇ ಎದ್ದು ಹೊರಟಿದ್ದರು. ನನ್ನ ಮುಖ ನೋಡಲಿಲ್ಲ. ಆಮೇಲೆ ಬಂದೂ ಇಲ್ಲ."

ಇಂದುಧರ ಬಗ್ಗಿ ನೋಡಿದ. ಮೊದಲನೆಯದು ಅಡಿವೆಪ್ಪ ಮಾಸ್ತರರ ಹೆಸರು. ನಿವೃತ್ತರಾದ ಮೇಲೆ ಒಂಬತ್ತು ವರ್ಷದಿಂದ ತಪ್ಪದೆ ಬಂದು ದನಗಳ ವೈದ್ಯದ ಒಂದು ಓಲೆಗ್ರಂಥವನ್ನು ನಕಲು ಮಾಡುತ್ತಿದ್ದವರು. ಎರಡನೆಯದು ಹಸೀನಾಬಿ ಎಂಬ ಹೆಸರು. ಅವನಿಗೆ ಗೊತ್ತಿರಲಿಲ್ಲ.

"ಮಾಸ್ತರರ ಮನೆಗೆ ನಾನು ಹೋಗುತ್ತೇನೆ," ಎಂದ.

"ಬೇಡ. ಅಲ್ಲಿಗೆ ಮುಕ್ತಾ ಹೋಗಲಿ. ನೀನು ಹಸೀನಾಬಿಯ ಮನೆಗೆ ಹೋಗು."

"ಹೋಗಿ ಏನು ಕೇಳಬೇಕು?"

"ಕುಡಿಯಲು ನೀರು ಕೇಳು."

ಇಂದುಧರ ಸೇತುವೆ ದಾಟಿ ನಡೆದ. ಹಸೀನಾಬಿಯ ಮನೆ ಆಚೆ ದಂಡೆಯ ಊರಿನ ಕೊನೆಯಲ್ಲಿತ್ತು. ಅಂಗಳದ ತುಂಬ ಹತ್ತಿ. ತಾಯಿ ಮಗಳು ಇಬ್ಬರೂ ದೊಡ್ಡದೊಂದು ಗಾದಿ ಹೊಲಿಯುತ್ತಿದ್ದರು.

"ಅವ್ವಾ, ಕುಡಿಯಲು ಸ್ವಲ್ಪ ನೀರು ಕೊಡುತ್ತೀರಾ?"

ಹಸೀನಾಬಿ ತಲೆಯ ಮೇಲಿನ ಹತ್ತಿ ಕೊಡವಿಕೊಂಡು ಎದ್ದಳು. ಚೆಂಬಿನಲ್ಲಿ ನೀರು ತಂದು ಕೊಟ್ಟಳು.

"ಯಾವ ಊರ್ರೀ ನಿಮ್ದು?"

"ಆಶ್ರಮದಿಂದ ಬಂದೆ."

ಅವಳ ಮುಖ ಸಣ್ಣದಾಯಿತು.

"ಮಷೀನು ಕೆಟ್ಟೈತೇನ್ರೀ? ನಾ ಏನೂ ಮುರಿದಿಲ್ರೀ. ಖರೇನೂ ಏನೂ ಮುರಿದಿಲ್ಲ."

"ಇಲ್ಲವ್ವಾ, ಏನೂ ಕೆಟ್ಟಿಲ್ಲ. ನೀವು ಬಂದ ಹಾಗೇ ಎದ್ದು ಹೋದಿರಂತೆ. ಯಾಕೆ ಅಂತ ತಿಳಿಯೋಣ ಅಂತ ಬಂದೆ."

"ಇನ್ನ ಏನ್ ಕೂಡೋದ್ರೀ ಅಲ್ಲೆ. ಮಗಳು ನರ್ಸಿಂಗ್ ಕಲಿಯಾಕ ಅರ್ಜಿ ಹಾಕಿದ್ಲು. ಆಯ್ಕೆ ಆದವರ ಯಾದಿ ಬಂದೈತಿ ಅಂದ್ರು. ನೋಡಿದೆ. ಹೆಸರಿಲ್ಲ ಅಂತು. ಮನೀಗೆ ಬಂದು ಆಕಿಗೆ ಹೇಳಿದೆ."

"ಹೆಸರಿಲ್ಲ ಅಂತ ಯಾರು ಹೇಳಿದರು?"

"ಮಷೀನೇ ಹೇಳ್ತಲ್ರೀ. 'ನೀವು ಹುಡುಕಿದ್ದು ಇಲ್ಲಿ ಇಲ್ಲ' ಅಂತ ಕನ್ನಡದಾಗ ಬರದಿತ್ತು. ನಂಗ ಓದಾಕ ಬರ್ತೈತ್ರಿ."

ಚೆಂಬು ಇಂದುಧರನ ಬಾಯಿಯ ಹತ್ತಿರ ನಿಂತಿತು.

ಆ ಸಾಲು ಅವನಿಗೆ ಚೆನ್ನಾಗಿ ಗೊತ್ತಿತ್ತು. ವಿಳಾಸ ತಪ್ಪಾದಾಗ ಗವಾಕ್ಷಿ ತೋರಿಸುವ ಸಾಲು ಅದು. ಯಾದಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅವಳು ಯಾದಿಯನ್ನು ತಲುಪಿರಲೇ ಇಲ್ಲ.

"ಯಾವಾಗ ನೋಡಿದಿರಿ?"

"ಮಂಗಳಾರ ಮುಂಜಾನೆ ಬಂದಿದ್ದೆ. ಅಲ್ಲೆ ಒಬ್ಬ ಹುಡುಗಿ ಕಲಿಸಿ ಕೊಟ್ಲು. ಮ್ಯಾಲಿನ ಪಟ್ಟಿ ಮ್ಯಾಲೆ ಒಂದು ಸಲ ಒತ್ರಿ, ಬರೀರಿ ಅಂತ. ಚಂದಾಗಿ ಬಂತು. ಆದ್ರ ಯಾದಿ ಇನ್ನೂ ಹಾಕಿದ್ದಿಲ್ಲ, ಮಧ್ಯಾಹ್ನದ ಮ್ಯಾಲೆ ಅಂತ ಇತ್ತು. ಮತ್ತ ಬಂದೆ. ಆ ಹುಡುಗಿ ಇದ್ದಿಲ್ಲ. ಹಂಗ ಒತ್ತಿದೆ, ಹಂಗ ಬರದೆ. ಇಲ್ಲ ಅಂತು."

ಮಂಗಳವಾರ ಮಧ್ಯಾಹ್ನ. ಆ ಹೊತ್ತು ಇಂದುಧರನಿಗೆ ನೆನಪಾಯಿತು. ಮುಕ್ತಾ ಹಾಕಿದ್ದನ್ನು ತೆಗೆದು, ಹಳೆಯದನ್ನು ಹಾಕಿ, ಗೆದ್ದವನ ಹಾಗೆ ಕುರ್ಚಿಗೆ ಒರಗಿ ಕುಳಿತಿದ್ದ.

ಚೆಂಬು ಕೆಳಗಿಟ್ಟು ಮೊಬೈಲ್ ತೆಗೆದ.

"ಆ ವಿಳಾಸ ಬರೆದುಕೊಂಡಿದ್ದೀರಾ?"

ಹಸೀನಾಬಿ ಒಳಗಿನಿಂದ ಒಂದು ಚೀಟಿ ತಂದಳು. ಅವನು ಒಂದೊಂದೇ ಅಕ್ಷರ ನೋಡಿ ಬರೆದ. ಯಾದಿ ತೆರೆಯಿತು.

"ಮಗಳ ಹೆಸರು?"

ಹೇಳಿದ್ದು ಮಗಳೇ. ಸೂಜಿಯಿಂದ ಕಣ್ಣು ಎತ್ತಲಿಲ್ಲ. "ಶಾಹೀನ್ ದಾವಲಸಾಬ ನದಾಫ."

ಮೂವತ್ತೊಂದನೆಯ ಹೆಸರು ಅದೇ ಆಗಿತ್ತು.

ಅವನು ಮೊಬೈಲನ್ನು ಅವಳ ಮುಂದೆ ಹಿಡಿದ. ಹುಡುಗಿಯ ಸೂಜಿ ನಿಂತಿತು. ಅವಳು ಓದಿದಳು. ಇನ್ನೊಮ್ಮೆ ಓದಿದಳು. ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದಳು.

"ಶನಿವಾರ ಸಂಜೆ ಐದರ ಒಳಗೆ ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕು."

"ಇವತ್ತು ಯಾವ ವಾರ?" ಎಂದಳು ಹಸೀನಾಬಿ.

"ಗುರುವಾರ."

ಶಾಹೀನ್ ಎದ್ದು ಕೈ ತೊಳೆದಳು. ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು.

ಹಸೀನಾಬಿ ಹತ್ತಿಯ ಮೇಲೆಯೇ ಕುಳಿತುಬಿಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಂದ್ರ ನಾ ತಪ್ಪು ಓದಿದ್ನೇನು? ಎರಡು ದಿನ ಆತು, ಮಗಳು ಹೊಟ್ಟಿತುಂಬ ಉಂಡಿಲ್ಲ. ನನ್ನ ಬಾಯಿಂದ ಬಂದ ಮಾತಿಗೆ."

"ನೀವು ಓದಿದ್ದು ಸರಿಯಾಗಿಯೇ ಇದೆ ಅವ್ವಾ. ತಪ್ಪು ನನ್ನದು."

"ನಿಂದು ಹ್ಯಾಂಗ ಆಕ್ಕೈತಪ್ಪಾ?" ಎಂದಳು ಅವಳು ನಿಜವಾಗಿಯೂ ಆಶ್ಚರ್ಯಪಟ್ಟು. "ನೀ ಅಲ್ಲಿ ಇರ್ಲೇ ಇಲ್ಲಲ್ಲ."

ಇಂದುಧರ ಉಳಿದ ನೀರು ಕುಡಿದ. ಬಸ್ಸಿನ ಹೊತ್ತು ಹೇಳಿದ, ಏನೇನು ದಾಖಲೆ ಬೇಕು ಎಂದು ಚೀಟಿಯ ಹಿಂದೆ ಬರೆದು ಕೊಟ್ಟ, ಎದ್ದ.

ಆಶ್ರಮಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಮುಕ್ತಾ ನದಿಯ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು. ಅತ್ತ ಹಾಗಿತ್ತು.

ಮೂರು ದಿನದ ಮೇಲೆ ಮೊದಲ ಸಲ ಅವನೇ ಮಾತಾಡಿಸಿದ.

"ಮಾಸ್ತರರು ಹೇಗಿದ್ದಾರೆ?"

"ಅವರ ಕೈ ನಡುಗುತ್ತದೆ. ನಿನಗೆ ಗೊತ್ತಿತ್ತೇ?"

"ಇಲ್ಲ."

"ನನಗೂ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಎಂದಿನ ಹಾಗೆ ಸಂಖ್ಯೆ ತಿದ್ದಲು ಒತ್ತಿದ್ದಾರೆ. ಎಲ್ಲ ನೀಲಿಯಾಗಿದೆ. ಗಾಬರಿಯಲ್ಲಿ ಕೈ ಕೀಲಿಯ ಮೇಲೆ ಬಿದ್ದಿದೆ. ವಿಳಾಸ ಮಾಯವಾಯಿತು. ಅವರು ಏನು ತಿಳಿದುಕೊಂಡರು ಗೊತ್ತೇ? ಗ್ರಂಥವೇ ಅಳಿಸಿ ಹೋಯಿತು ಅಂತ."

ಇಂದುಧರ ಮೆಟ್ಟಿಲ ಮೇಲೆ ಕುಳಿತ.

"'ನಾಕುನೂರು ವರ್ಷ ಉಳಿದದ್ದನ್ನ ನಾ ಒಂದು ಕೈಬಟ್ಟಿನಿಂದ ಅಳಿಸಿಬಿಟ್ಟೆನವ್ವಾ' ಅಂದರು. ಗುರುಗಳಿಗೆ ಕ್ಷಮೆ ಕೇಳಿ ಪತ್ರ ಬರೆದಿದ್ದಾರೆ. ಕಳಿಸಲು ಧೈರ್ಯವಾಗದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಗ್ರಂಥ ಹಾಗೇ ಇದೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ."

ಅವನು ತನ್ನ ಕಥೆ ಹೇಳಿದ. ಅವಳು ಕೇಳಿದಳು. ನದಿಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು.

"ನಿನ್ನ ಕ್ರಮವೇ ಸರಿ," ಎಂದ ಇಂದುಧರ. "ಈಗಲೇ ಹೋಗಿ ಅದನ್ನೇ ಹಾಕೋಣ."

"ಇಲ್ಲ, ನಿನ್ನದೇ ಸರಿ. ನಾನು ಇನ್ನು ಅದನ್ನು ಮುಟ್ಟುವುದಿಲ್ಲ."

"ಒಬ್ಬ ಹುಡುಗಿಯ ಬದುಕು ಹಾಳಾಗುತ್ತಿತ್ತು, ಮುಕ್ತಾ!"

"ಒಬ್ಬ ಮುದುಕರು ಮೂರು ದಿನದಿಂದ ಮುಖ ಮುಚ್ಚಿಕೊಂಡು ಮಲಗಿದ್ದಾರೆ!"

"ದಿನಕ್ಕೆ ಹತ್ತು ಸಲ ವಿಳಾಸ ಕೆಡುತ್ತದೆ ಅಂತ ಹೇಳಿದವಳು ನೀನೇ."

"ಓಲೆಗರಿ ಓದುವವರ ಗತಿ ಏನು ಅಂತ ಕೇಳಿದವನು ನೀನೇ."

"ನೀನು ಯಾವಾಗಲೂ ಹೀಗೆಯೇ. ಹೇಳಿದ್ದು ಕೇಳುವುದೇ ಇಲ್ಲ."

"ಕೇಳಿದ್ದೇನೆ. ಅದಕ್ಕೇ ಬೇಡ ಅನ್ನುತ್ತಿದ್ದೇನೆ."

ದನಿ ಏರಿತು. ಎಮ್ಮೆ ತೊಳೆಯುತ್ತಿದ್ದವನು ತಿರುಗಿ ನೋಡಿದ. ಮೇಲಿನ ಜಗಲಿಯಿಂದ ನಗು ಕೇಳಿಸಿತು. ಗುರುಗಳು ಕೆಮ್ಮು ಬರುವಷ್ಟು ನಗುತ್ತಿದ್ದರು.

ಇಬ್ಬರೂ ತಲೆ ತಗ್ಗಿಸಿ ಮೇಲೆ ಹೋದರು.

"ಬೆಳಿಗ್ಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದಿತ್ತು," ಎಂದರು ಗುರುಗಳು. "ಈಗ ಅದಲುಬದಲು ಮಾಡಿಕೊಂಡಿದ್ದೀರಿ. ಜಗಳ ಮಾತ್ರ ಹಾಗೇ ಇದೆ."

ಇಂದುಧರನಿಗೆ ಒಂದು ಉಪಾಯ ಹೊಳೆಯಿತು.

"ಗುರುಗಳೇ, ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ಇಡೋಣ. ಯಾರಿಗೆ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಲಿ."

"ಮಾಸ್ತರರು ಗ್ರಂಥವನ್ನೇ ಅಳಿಸಿದೆ ಎಂದು ಮನೆ ಸೇರಿದರು. ಹಸೀನಾಬಿ ಮಗಳ ಹೆಸರೇ ಇಲ್ಲ ಎಂದು ಮನೆ ಸೇರಿದಳು. ಇಬ್ಬರಲ್ಲಿ ಯಾರು ಸೆಟ್ಟಿಂಗ್ಸ್ ಹುಡುಕುತ್ತಿದ್ದರು?"



"ಹಾಗಾದರೆ ಯಾವುದು ಸರಿ? ನೀವೇ ಹೇಳಿ," ಎಂದಳು ಮುಕ್ತಾ.

"ಇಬ್ಬರೂ ಕೂತು ಒಂದನ್ನು ಆರಿಸಿ. ಯಾವುದು ಎಂದು ನನಗೆ ಹೇಳಬೇಡಿ. ಆರಿಸಿದ ಮೇಲೆ ಒಂದು ವರ್ಷ ಮುಟ್ಟಬೇಡಿ."

"ಆರಿಸಿದ್ದು ತಪ್ಪಾದರೆ?"

"ಯಾರಿಗಾದರೂ ತಪ್ಪಾಗಿಯೇ ಆಗುತ್ತದೆ."

"ಅವರಿಗೆ ಏನು ಮಾಡುವುದು?"

"ಅವರ ಪಕ್ಕದಲ್ಲಿ ಕುಳಿತುಕೊಳ್ಳಿ."

ಅಂದು ಸಂಜೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕೊನೆಗೆ ಮುಕ್ತಾಳ ಕ್ರಮವನ್ನೇ ಇಟ್ಟುಕೊಂಡರು. ಹೊಸದಾಗಿ ಬರುವವರಿಗೆ ಕೇಳಲು ಬಾಯಿ ಬರುವುದಿಲ್ಲ, ದಿನಾ ಬರುವವರಿಗಾದರೆ ಕಲಿಸಬಹುದು ಎಂಬುದು ಅವರ ಲೆಕ್ಕಾಚಾರ. ಆ ಸ್ಕ್ರೀನಿನ ಸಾಲನ್ನೂ ಬದಲಿಸಿದರು. 'ನೀವು ಹುಡುಕಿದ್ದು ಇಲ್ಲಿ ಇಲ್ಲ' ಎಂಬುದನ್ನು ಅಳಿಸಿ, 'ವಿಳಾಸದಲ್ಲಿ ಎಲ್ಲೋ ಅಕ್ಷರ ತಪ್ಪಿದೆ, ನೀವು ಏನನ್ನೂ ಕೆಡಿಸಿಲ್ಲ' ಎಂದು ಬರೆದರು. ಆ ಸಾಲು ಬರೆದವನು ಇಂದುಧರ.

ಶನಿವಾರ ರಾತ್ರಿ ಊಟದ ಹೊತ್ತಿಗೆ ಹಸೀನಾಬಿಯ ಫೋನು ಬಂತು. ಶಾಹೀನ್ ಸೇರಿಕೊಂಡಿದ್ದಳು. ಮಧ್ಯಾಹ್ನ ಮೂರಕ್ಕೇ ತಲುಪಿದ್ದಳು.

ಸೋಮವಾರ ಮುಕ್ತಾ ಮಾಸ್ತರರನ್ನು ಕರೆದುಕೊಂಡು ಬಂದಳು. ಅವರು ಬಾಗಿಲಲ್ಲಿಯೇ ನಿಂತರು.

"ಗ್ರಂಥ ಐತೇನು, ತಮ್ಮಾ?"

"ಇದೆ ಸರ್. ಬನ್ನಿ, ನೋಡಿ."

ಇಂದುಧರ ಅವರ ಗರಿ ತೆರೆದು ಇಟ್ಟಿದ್ದ. ಇನ್ನೂರ ಎಂಬತ್ತೇಳನೆಯದು. ಮಾಸ್ತರರು ಕನ್ನಡಕ ಹಾಕಿಕೊಂಡು ಮೊದಲ ಸಾಲು ಓದಿದರು, ಕೊನೆಯ ಸಾಲು ಓದಿದರು. ಆಮೇಲೆ ಕುಳಿತರು. ಇಂದುಧರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ.

ಮಾಸ್ತರರು ವಿಳಾಸದ ಮೇಲೆ ಒತ್ತಿದರು. ಎಲ್ಲ ನೀಲಿಯಾಯಿತು. ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

"ಏನೂ ಹೋಗಿಲ್ಲ ಸರ್. ಇನ್ನೊಂದು ಸಲ ಒತ್ತಿ. ಗೆರೆ ಬರುತ್ತದೆ."

ಒತ್ತಿದರು. ಕೈ ನಡುಗಿ ಒಂದು ಒತ್ತು ಎರಡಾಯಿತು. ನಡುವಿನ ಒಂದು ಪದ ಮಾತ್ರ ನೀಲಿಯಾಯಿತು. ಮತ್ತೆ ಒತ್ತಿದರು. ಮತ್ತೆ ಹಾಗೇ ಆಯಿತು. ನಾಲ್ಕನೆಯ ಸಲಕ್ಕೆ ಅವರ ಹಣೆಯ ಮೇಲೆ ಬೆವರು ಬಂತು.

ಇಂದುಧರನ ಜೀವ ಹಿಂದಿನ ಕೋಣೆಯ ಕಡೆ ಎಳೆಯಿತು. ಅರ್ಧ ನಿಮಿಷದ ಕೆಲಸ. ಹೋಗಿ ಹಳೆಯದನ್ನು ಹಾಕಿ ಬಂದರೆ ಮುಗಿಯಿತು.

ಕುರ್ಚಿಯ ಅಂಚು ಹಿಡಿದುಕೊಂಡು ಕುಳಿತ. ಮಾಡಲು ಬೇರೇನೂ ಇಲ್ಲದೆ ಅವರ ಕೈ ನೋಡಿದ.

ಮೌಸಿನ ಮೇಲೆ ಆ ಕೈ ಎಲೆಯ ಹಾಗೆ ಅಲುಗುತ್ತಿತ್ತು. ಕೀಲಿಗಳ ಮೇಲೆ ಬಂದಾಗ ಹಾಗಲ್ಲ. ಅಲ್ಲಿ ಮಣಿಕಟ್ಟು ಮೇಜಿಗೆ ಆನಿಕೊಳ್ಳುತ್ತಿತ್ತು, ಬೆರಳು ನೇರ ಇಳಿಯುತ್ತಿತ್ತು.

"ಸರ್, ಎರಡನೆಯ ಸಲ ಒತ್ತುವುದು ಬೇಡ. ಒಂದೇ ಸಲ ಒತ್ತಿ, ನೀಲಿ ಆಗಲಿ. ಆಮೇಲೆ ಕೀಲಿಮಣೆಯಲ್ಲಿ ಈ ಬಲಗಡೆಯ ಬಾಣ ಒತ್ತಿ."

ಮಾಸ್ತರರು ಒತ್ತಿದರು. ನೀಲಿ ಹೋಯಿತು. ಗೆರೆ ವಿಳಾಸದ ಕಟ್ಟಕಡೆಗೆ, ಏಳರ ಪಕ್ಕದಲ್ಲಿ ಬಂದು ಮಿಣುಕಿತು. ಏಳನ್ನು ಅಳಿಸಿದರು, ಎಂಟು ಬರೆದರು. ಮುಂದಿನ ಗರಿ ತೆರೆಯಿತು.

ಅವರು ಮತ್ತೆ ಮಾಡಿದರು. ಇನ್ನೂರ ಎಂಬತ್ತೊಂಬತ್ತು. ಹಿಂದಕ್ಕೆ ಹೋದರು. ಮುಂದಕ್ಕೆ ಬಂದರು.

"ಇಷ್ಟು ಲಗೂ ಎಂದೂ ಆಗಿದ್ದಿಲ್ಲ, ತಮ್ಮಾ."

"ಮೊದಲು ಹೇಗೆ ಮಾಡುತ್ತಿದ್ದಿರಿ?"

"ಒತ್ತಿದ್ರ ಗೆರಿ ಎಲ್ಲೆರೆ ಒಂದು ಕಡೆ ಹೋಗಿ ಕೂಡ್ತಿತ್ತು. ಕಡೀಗೆ ತಂದು ಕೂಡ್ಸಾಕ ಐದೈದು ಮಿನಿಟು. ಒಂದು ಬೇರಿನ ಹೆಸರು ತಿಳೀಬೇಕಂದ್ರ ಹತ್ತು ಗರಿ ಹಿಂದ ಮುಂದ ನೋಡಬೇಕಾಕ್ಕೈತಿ." ಮಾಸ್ತರರು ದನಿ ತಗ್ಗಿಸಿದರು. "ಕೆಲವು ದಿನ ಬ್ಯಾಸತ್ತು, ನೋಡದೆ, ಅಂದಾಜಿನ ಮ್ಯಾಲೆ ಬರದೇನಿ. ಅದು ಇನ್ನೂ ಎದಿಯಾಗ ಚುಚ್ಚತೈತಿ."

"ನೀವು ಹೇಳಬಹುದಿತ್ತಲ್ಲ ಸರ್!"

"ಗುರುಗಳು ಬರದದ್ದು. ಅದರಾಗ ತಪ್ಪು ತಗಿಯೋದು ಹ್ಯಾಂಗ?"

ಇಂದುಧರನಿಗೆ ಅದು ತನ್ನದೇ ಮಾತಿನ ಹಾಗೆ ಕೇಳಿಸಿತು.

ಮಾಸ್ತರರು ನಕಲಿನ ಹಳೆಯ ನೋಟುಬುಕ್ಕು ಚೀಲದಿಂದ ತೆಗೆದರು.

"ಅಂದಾಜಿನ ಮ್ಯಾಲೆ ಬರದದ್ದನ್ನ ನಲವತ್ತನೇ ಗರಿಯಿಂದ ತಿರುಗಿ ನೋಡ್ತೀನಿ. ಇನ್ನ ಆಕ್ಕೈತಿ ಅನಸ್ತೈತಿ."

ಇಂದುಧರ ಎದ್ದು ಜಗಲಿಗೆ ಹೋದ. ಗುರುಗಳು ಹೊಸದಾಗಿ ಬಂದ ಓಲೆಗರಿಗಳಿಗೆ ಎಣ್ಣೆ ಸವರುತ್ತಿದ್ದರು. ಕುಂಚ ನಿಧಾನವಾಗಿ ಆಡುತ್ತಿತ್ತು.

"ಗುರುಗಳೇ, ಮಾಸ್ತರರು ಓದುತ್ತಿದ್ದಾರೆ."

"ಒಳ್ಳೆಯದಾಯಿತು."

"ಮುಕ್ತಾಳ ಕ್ರಮವೇ ಅವರಿಗೆ ಸುಲಭವಾಯಿತು. ನಾನು ಅವರಿಗಾಗಿ ಎಂದು ಹೋರಾಡಿದ ಕ್ರಮದಲ್ಲಿ ಅವರು ಒಂಬತ್ತು ವರ್ಷ ಒದ್ದಾಡಿದ್ದಾರೆ."

"ಹೌದೇ?"

"ಅದು ನೀವು ಬರೆದದ್ದು ಎಂಬ ಕಾರಣಕ್ಕೆ ತೊಂದರೆ ಹೇಳದೆ ಸುಮ್ಮನಿದ್ದರು."

ಕುಂಚ ನಿಂತಿತು.

ಹೇಳಬಾರದ್ದನ್ನು ಹೇಳಿದೆನೇನೋ ಎಂದು ಇಂದುಧರನಿಗೆ ಅಳುಕಾಯಿತು. ಆದರೂ ಕೇಳಬೇಕಾದ್ದು ಬಾಯಿಗೆ ಬಂದಿತ್ತು.

"ಅದನ್ನು ಬರೆಯುವಾಗ ಯಾರ ಕೈಯನ್ನು ನೆನೆಸಿಕೊಂಡು ಬರೆದಿರಿ, ಗುರುಗಳೇ?"

"ನನ್ನ ಕೈಯನ್ನು."

ನೀಲಗಂಗಮ್ಮನವರು ಕುಂಚ ಕೆಳಗಿಟ್ಟರು. ಆಮೇಲೆ ಗರಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಶಿಷ್ಯನ ಭುಜ ಹಿಡಿದು, ಮೊಣಕಾಲು ನೋವಿಗೆ ಸಣ್ಣಗೆ ನರಳಿ, ಎದ್ದು ನಿಂತರು.

"ಅವರ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಿಡಿಸುತ್ತದೆಯೇ?"